ಎರಡು ಸೇರು: ಅಳತೆ ಸೇರು, ತೂಕದ ಸೇರು

ಹಳೇ ನೋಟ್ ಪುಸ್ತಕದಲ್ಲಿ ಕಜ್ಜಾಯದ ಲೆಕ್ಕ "ಅಕ್ಕಿ ಒಂದು ಸೇರು, ಬೆಲ್ಲ ಎರಡೂವರೆ ಸೇರು" ಅಂತ ಬರೆದಿದ್ರೆ ಈಗಿನ ಹೆಣ್ಣುಮಕ್ಕಳು ಏನಂದ್ಕೋಬೇಕು ಹೇಳಿ. ಸೇರು ಅಂದ್ರೆ ಹೆಚ್ಚೂ ಕಮ್ಮಿ ಕೆಜಿ ಅಂತ ಎಲ್ಲರೂ ಅಂತಾರೆ. ಆ ಲೆಕ್ಕ ಹಿಡಿದು ಒಂದು ಕೆಜಿ ಅಕ್ಕಿ ಹಿಟ್ಟಿಗೆ ಎರಡೂವರೆ ಕೆಜಿ ಬೆಲ್ಲದ ಪಾಕ ಹಾಕಿದ್ರೆ, ಎಣ್ಣೆಗೆ ಬಿಟ್ಟ ತಕ್ಷಣ ಒಡೆದು ಹರಡ್ಕೊಂಡು ಬಾಣಲೆ ತುಂಬಾ ಪಾಕ ಆಗೋಗುತ್ತೆ. ಆಗ ನಾವು ಅನ್ನೋದೇನು? "ಅಜ್ಜಿಗೆ ವಯಸ್ಸಾಗಿತ್ತು, ಏನೋ ಬರೆದವ್ರೆ" ಅಂತ ಪುಸ್ತಕ ಮುಚ್ಚಿ ಮಡಗ್ತೀವಿ.

ಬರೆದೋರದ್ದು ತಪ್ಪಲ್ಲ ಕಣ್ರಕ್ಕ. ನಮ್ಮ ಕಡೆ ಸೇರು ಅನ್ನೋ ಒಂದೇ ಹೆಸರಲ್ಲಿ ಎರಡು ಸೇರು ಇದ್ವು. ಒಂದು ಅಳೆಯೋ ಸೇರು, ಇನ್ನೊಂದು ತೂಗೋ ಸೇರು. ಅಕ್ಕಿ ಒಂದು ಸೇರಲ್ಲಿ, ಬೆಲ್ಲ ಇನ್ನೊಂದು ಸೇರಲ್ಲಿ. ಎರಡಕ್ಕೂ ಮೂರೂವರೆ ಪಾಲು ವ್ಯತ್ಯಾಸ. ಇದು ಗೊತ್ತಿದ್ದೋರಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ, ಅದಕ್ಕೇ ಯಾರೂ ಬರೆದೂ ಇಡ್ಲಿಲ್ಲ. ಪಟ್ಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹಟ್ಟಿಗಳಲ್ಲಿ ಈ ಎರಡು ಸೇರು ಹೆಂಗೆ ಬಂದ್ವು, ಹೆಂಗೆ ಹೋದ್ವು ಅನ್ನೋದನ್ನ ಈ ಸಲ ಒಸಿ ನಿಧಾನಕ್ಕೆ ನೋಡಾಣ.

ಸೇರಿಗಿಂತ ಮುಂಚೆ ಇದ್ದದ್ದು ಕೊಳಗ, ಬಳ್ಳ, ಮಾನ, ಖಂಡುಗ. ಇವು ಅಪ್ಪಟ ಹಳೇ ಅಳತೆಗಳು. ಸೇರು, ಪಾವು, ಚಟಾಕು ಅನ್ನೋ ಮಾತುಗಳು ಉತ್ತರದ ಕಡೆಯಿಂದ ಬಂದವು. ಪಾವು ಅಂದ್ರೆ ಕಾಲು ಭಾಗ, ಚಟಾಕು ಅಂದ್ರೆ ಹದಿನಾರರಲ್ಲಿ ಒಂದು ಭಾಗ. ನಮ್ಮ ನಾಲ್ಕು ತಾಲ್ಲೂಕಿನ ಶಾಸನಗಳೆಲ್ಲ ಎಪಿಗ್ರಾಫಿಯಾ ಕರ್ನಾಟಿಕ ಹೊಸ ಆವೃತ್ತಿಯ 6 ಮತ್ತು 7ನೇ ಸಂಪುಟದಲ್ಲಿ ಅಚ್ಚಾಗಿವೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಗದ್ದೆ ಎಷ್ಟು ಅನ್ನೋದನ್ನ ಉದ್ದ ಅಗಲದಲ್ಲಿ ಹೇಳೋದು ಕಮ್ಮಿ. ಎಷ್ಟು ಸಲಗೆ, ಎಷ್ಟು ಕೊಳಗ ಬೀಜ ಹಿಡಿಯುತ್ತೆ ಅನ್ನೋದೇ ಗದ್ದೆಯ ಅಳತೆ. ಈಗಲೂ ವಯಸ್ಸಾದೋರು "ಅದು ಹತ್ತು ಕೊಳಗದ ಹೊಲ" ಅಂತಾರಲ್ಲ, ಅದು ಆ ಕಾಲದ ಮಾತೇ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅನ್ನೋದು ಎಲ್ಲ ಕಡೆ ಒಂದೇ, ಆದ್ರೆ ಕೊಳಗ ಎಷ್ಟು ದೊಡ್ಡದು ಅನ್ನೋದು ಸೀಮೆಗೊಂದು ಥರ. ಅಂತೂ ನೆಲಾನೂ ಅಳತೆಯಲ್ಲಿ, ಕಾಳೂ ಅಳತೆಯಲ್ಲಿ. ಕಣದಲ್ಲಿ ರಾಶಿ ಅಳೆಯೋವಾಗ "ಒಂದು" ಅಂತ ಶುರು ಮಾಡ್ತಿರ್ಲಿಲ್ಲ, "ಲಾಭ" ಅಂತಲೇ ಮೊದಲ ಕೊಳಗ ಎತ್ತೋದು. ತಕ್ಕಡಿ ಕಣಕ್ಕೆ ಬರ್ತಾನೇ ಇರ್ಲಿಲ್ಲ.

ತಕ್ಕಡಿ ಇದ್ದದ್ದು ಪೇಟೇಲಿ. ಚಿನ್ನ ಬೆಳ್ಳಿ, ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ, ಕೊಬ್ಬರಿ, ಬೆಣ್ಣೆ ತುಪ್ಪ ಇವೆಲ್ಲ ತೂಕದ ಸಾಮಾನು. ಯೋಚನೆ ಮಾಡಿ ನೋಡಿ, ಸುರಿಯಕ್ಕೆ ಬರೋದನ್ನ ಅಳೀಬೋದು. ಬೆಲ್ಲದ ಅಚ್ಚನ್ನ ಪಾವಿನೊಳಕ್ಕೆ ತುಂಬಕ್ಕಾಗುತ್ತಾ? ಹುಣಸೆಹಣ್ಣನ್ನ ಅದುಮಿದ್ರೆ ಒಂದು ಲೆಕ್ಕ, ಅದುಮದಿದ್ರೆ ಇನ್ನೊಂದು ಲೆಕ್ಕ. ಅದಕ್ಕೇ ಅವು ತಕ್ಕಡಿಗೆ ಹೋದ್ವು.

ಟಿಪ್ಪು ಸುಲ್ತಾನ ಪಟ್ಣದ ಕೋಟೇಲಿ ಸತ್ತದ್ದು 1799ರ ಮೇ 4ಕ್ಕೆ. ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು ಕಂಪನಿ ಸರಕಾರದ ಅಪ್ಪಣೆ ತಗೊಂಡು ಮದರಾಸಿನಿಂದ ಹೊರಟು ನಮ್ಮ ಸೀಮೆಗೆ ಬಂದ. ಬೆಳೆ, ಗೊಬ್ಬರ, ನೇಯ್ಗೆ, ಸಂತೆ, ಕೂಲಿ ಅಂತ ಕಂಡದ್ದೆಲ್ಲ ಬರ್ಕೊಂಡ. ಅದು 1807ರಲ್ಲಿ ಲಂಡನ್ನಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಅವನ ಬರಹದಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಅಂತ ಎರಡು ಮಾತೂ ಇವೆ. ಕಚ್ಚಾ ಸೇರು ತೂಗೋದು, ಪಕ್ಕಾ ಸೇರು ಕಾಳು ಅಳೆಯೋದು.

ಕಚ್ಚಾ ಸೇರು ಅಂದ್ರೆ 24 ರೂಪಾಯಿ ತೂಕ. ಆಗಿನ ಕಾಲದಲ್ಲಿ ಬೆಳ್ಳಿ ರೂಪಾಯೇ ತೂಕದ ಬೊಟ್ಟು. ಒಂದು ಕಡೆ ತಟ್ಟೆಗೆ 24 ರೂಪಾಯಿ ಇಕ್ಕಿದ್ರೆ ಇನ್ನೊಂದು ಕಡೆ ಒಂದು ಸೇರು ಬೆಲ್ಲ. ಟಿಪ್ಪು ಕಾಲದಲ್ಲಿ ಪಟ್ಣದಲ್ಲೇ ಟಂಕಸಾಲೆ ಇತ್ತು, ರೂಪಾಯಿ ಅಲ್ಲೇ ಅಚ್ಚಾಗ್ತಿತ್ತು. ಆಮೇಲೆ 1835ರಲ್ಲಿ ಕಂಪನಿ ಸರಕಾರ ತನ್ನ ಆಳ್ವಿಕೆಗೆಲ್ಲ ಒಂದೇ ರೂಪಾಯಿ ಮಾಡ್ತು, ಅದರ ತೂಕ ಸರಿಯಾಗಿ ಒಂದು ತೊಲ. ಈಗಿನ ಲೆಕ್ಕಕ್ಕೆ 11.66 ಗ್ರಾಂ. ಅದನ್ನ 24ರಿಂದ ಗುಣಿಸಿದ್ರೆ 280 ಗ್ರಾಂ. ಇದೇ ನಮ್ಮ ತೂಕದ ಸೇರು. ಇಂಥ 40 ಸೇರಿಗೆ ಒಂದು ಮಣ, ಅಂದ್ರೆ 11 ಕೆಜಿ 200 ಗ್ರಾಂ. ಉತ್ತರದ ಕಡೆ ಮಣ ಅಂದ್ರೆ 37 ಕೆಜಿ ಚಿಲ್ಲರೆ. ಹಂಗಾಗಿ ಅಲ್ಲಿನ ಲೆಕ್ಕ ಇಲ್ಲಿನ ಬೆಲ್ಲಕ್ಕೆ ಹೊಂದಲ್ಲ.

ಇನ್ನು ಅಳೆಯೋ ಸೇರು. ಹಳೇ ಮೈಸೂರು ಕಡೆ ಇದು 84 ರೂಪಾಯಿ ತೂಕದ ಕಾಳು ಹಿಡಿಯೋ ಪಾತ್ರೆ. ಈಗಿನ ಲೆಕ್ಕಕ್ಕೆ 980 ಗ್ರಾಂ. ಆದ್ರೆ ಯಾವ ಕಾಳು? ಇಲ್ಲೇ ಇರೋದು ನೋಡಿ ಸ್ವಾರಸ್ಯ. ಒಂದೇ ಪಾತ್ರೇಲಿ ತೊಗರಿ ಒಂದು ತೂಕ ಬರುತ್ತೆ, ಭತ್ತ ಇನ್ನೊಂದು ತೂಕ ಬರುತ್ತೆ. ಭತ್ತಕ್ಕೆ ಹೊಟ್ಟು ಇರೋದ್ರಿಂದ ಹಗುರ. ಯಾವುದಾದ್ರೂ ಒಂದು ಕಾಳು ಹಿಡಿದು ಸೇರು ಮಾಡಿದ್ರೆ ಮಿಕ್ಕಿದ್ದಕ್ಕೆ ಅನ್ಯಾಯ. ಅದಕ್ಕೆ ದಕ್ಷಿಣದ ಕಡೆ ಒಂದು ಉಪಾಯ ಮಾಡಿದ್ರು. ಬಳಕೇಲಿರೋ ಒಂಬತ್ತು ಬಗೆಯ ಕಾಳು ಸಮಸಮ ಬೆರೆಸಿ, 84 ರೂಪಾಯಿ ತೂಕ ತೂಗಿ, ಅಷ್ಟೂ ಗೋಪುರ ಕಟ್ಟಿ ಹಿಡಿಯೋ ಹಂಗೆ ಸೇರು ಮಾಡೋದು. ನಾವು ಪೂಜೆಗೆ ಇಡ್ತೀವಲ್ಲ ನವಧಾನ್ಯ, ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಅವರೆ, ಎಳ್ಳು, ಉದ್ದು, ಹುರುಳಿ, ಆ ಥರದ ಬೆರಕೆ ಅಂದ್ಕೊಳಿ.

ಇದರರ್ಥ ಏನು ಗೊತ್ತಾ? ಅಳತೆ ಬೇರೆ, ತೂಕ ಬೇರೆ, ಎರಡೂ ಯಾವತ್ತೂ ಸರಿಯಾಗಿ ಹೊಂದಲ್ಲ ಅನ್ನೋದು ಹಿಂದಿನೋರಿಗೆ ಚೆನ್ನಾಗೇ ಗೊತ್ತಿತ್ತು. ಹೊಂದದೇ ಇರೋದನ್ನ ಹೊಂದುಸಕ್ಕೆ ಹೋಗ್ದೆ ಎಲ್ಲ ಕಾಳಿಗೂ ಮಧ್ಯದ್ದೊಂದು ಲೆಕ್ಕ ಹಿಡಿದ್ರು. ಸೇರು ಅಂದ್ರೆ 980 ಗ್ರಾಂ ಅನ್ನೋದು ಯಾವ ಒಂದು ಕಾಳಿಗೂ ಕರಾರುವಾಕ್ಕಲ್ಲ, ಒಂಬತ್ತು ಕಾಳೂ ಸೇರಿದ್ರೆ ಮಾತ್ರ ಸರಿ.

ಈಗ ಎರಡೂ ಪಕ್ಕದಲ್ಲಿಟ್ಟು ನೋಡಿ. 84ನ್ನ 24ರಿಂದ ಭಾಗಿಸಿದ್ರೆ ಮೂರೂವರೆ. ಅಳತೆಯ ಒಂದು ಸೇರು ಕಾಳು, ತೂಕದ ಮೂರೂವರೆ ಸೇರಿಗೆ ಸಮ. ಈ ಮೂರೂವರೆ ಒಂದು ನೆಪ್ಪಿದ್ರೆ ಹಳೇ ಲೆಕ್ಕ ಎಲ್ಲ ಬಿಡಿಸ್ಕೊಳುತ್ತೆ. ಕಜ್ಜಾಯಕ್ಕೆ ಅಕ್ಕಿ ಒಂದು ಸೇರು ಅಂದ್ರೆ ಸುಮಾರು ಒಂದು ಕೆಜಿ. ಬೆಲ್ಲ ಎರಡೂವರೆ ಸೇರು ಅಂದ್ರೆ ಎರಡೂವರೆ ಸಲ 280, ಅಂದ್ರೆ 700 ಗ್ರಾಂ. ಒಂದು ಕೆಜಿ ಅಕ್ಕಿಗೆ ಮುಕ್ಕಾಲು ಕೆಜಿ ಹತ್ರ ಬೆಲ್ಲ. ಈಗ ನಾವು ಹಾಕೋದೂ ಅಷ್ಟೇ ತಾನೇ? ಒಬ್ಬಟ್ಟಿಗೆ "ಬೇಳೆ ಒಂದು ಸೇರು, ಬೆಲ್ಲ ಮೂರೂವರೆ ಸೇರು" ಅಂತಿದ್ರೆ ಬೇಳೆ ತೂಕಕ್ಕೆ ಬೆಲ್ಲದ ತೂಕ ಸಮ ಅಂತ ಅರ್ಥ. ಪಾವಿಗೂ ಹಿಂಗೇ. ಅಳತೇಲಿ ಪಾವು ಅಕ್ಕಿ 245 ಗ್ರಾಂ, ತೂಕದಲ್ಲಿ ಕಾಲು ಸೇರು ಹುಣಸೆಹಣ್ಣು ಬರೀ 70 ಗ್ರಾಂ. ಪುಳಿಯೋಗರೆ ಗೊಜ್ಜಿಗೆ ಇದು ತಲೆಕೆಳಗಾದ್ರೆ ಬಾಯಿಗೆ ಇಡಕ್ಕಾಗಲ್ಲ.

ಸೇರಿನ ಮೈ ಹೆಂಗಿತ್ತು ಅನ್ನೋದೂ ಮುಖ್ಯ. ಹಿತ್ತಾಳೆ, ಕಂಚು, ಕಬ್ಬಿಣ, ಕೆಲವು ಕಡೆ ಮರ. ನಾಗಮಂಗಲ ಹಿಂದಿನಿಂದಲೂ ಹಿತ್ತಾಳೆ ಕಂಚಿನ ಕೆಲಸಕ್ಕೆ ಹೆಸರಾದ ಊರು. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು ಅಂತ ಒಂದರೊಳಗೊಂದು ಕೂರೋ ಸಾಲು ಇದ್ದ ಮನೆ ಅಂದ್ರೆ ಅನುಕೂಲಸ್ಥರ ಮನೆ. ಅಚ್ಚೇರು ಅಂದ್ರೆ ಅರ್ಧ ಸೇರು. ನೂರು ಸೇರಿಗೆ ಒಂದು ಪಲ್ಲ. "ಹಗೇವಿನಲ್ಲಿ ಇಪ್ಪತ್ತು ಪಲ್ಲ ರಾಗಿ ಐತೆ" ಅಂದ್ರೆ ಆ ಮನೆಗೆ ಹೆಣ್ಣು ಕೊಡಕ್ಕೆ ಹಿಂದೆ ಮುಂದೆ ನೋಡ್ತಿರ್ಲಿಲ್ಲ.

ಸೇರನ್ನ ಎರಡು ಥರ ತುಂಬಬೋದು. ಮೇಲೆ ಗೋಪುರ ನಿಲ್ಲೋ ಹಂಗೆ ತುಂಬೋದು ಒಂದು, ಅಂಗೈಲಿ ಸವರಿ ಬಾಯಿ ಮಟ್ಟಕ್ಕೆ ತುಂಬೋದು ಇನ್ನೊಂದು. ಇದೇನು ಮಹಾ ಅಂತ ಅನ್ಕೋಬೇಡಿ. ಅಗಲ ಎತ್ತರ ಎರಡೂ ಸಮ ಇರೋ ಸೇರಿನ ಮೇಲೆ ನಿಲ್ಲೋ ಗೋಪುರ ಹೆಚ್ಚೂ ಕಮ್ಮಿ ಸೇರಿನ ಹತ್ತನೇ ಒಂದು ಭಾಗ. ಬಾಯಗಲ ಎತ್ತರದ ಎರಡರಷ್ಟಿದ್ರೆ ಗೋಪುರ ಐದನೇ ಒಂದು ಭಾಗದ ಹತ್ರ ಬರುತ್ತೆ. ಅದೇ ಸೇರು, ಅದೇ ಕಾಳು, ಬರೀ ಕೈ ಸವರಿದ್ದಕ್ಕೆ ಇಷ್ಟು ವ್ಯತ್ಯಾಸ. ಮೇಲಿಂದ ಬೀಳಿಸಿ ತುಂಬಿದ್ರೆ ಕಾಳು ಒತ್ತಾಗಿ ಕೂರುತ್ತೆ, ಮೆಲ್ಲಗೆ ಸುರಿದ್ರೆ ಸಡಿಲಾಗಿ ಕೂರುತ್ತೆ. ನೆಲಕ್ಕೆ ಎರಡು ಸಲ ಕುಟ್ಟಿದ್ರೆ ಇನ್ನೂ ಒಂದು ಹಿಡಿ ಹಿಡಿಯುತ್ತೆ.

ಇದರಿಂದ ನೋವು ತಿಂದೋರು ಯಾರು ಅಂದ್ರೆ ಹೆಣ್ಣಾಳುಗಳು. ನಾಟಿ, ಕಳೆ, ಕುಯ್ಲು ಅಂದ್ರೆ ಕೂಲಿ ಸೇರಿನ ಲೆಕ್ಕದಲ್ಲಿ ಕಾಳು. ಬೆಳಗಿಂದ ಬೈಗಿನ ತನಕ ಸೊಂಟ ಬಗ್ಗಿಸಿ ಗೆಯ್ದು ಬಂದೋಳಿಗೆ ಸವರಿದ ಸೇರಲ್ಲಿ ಅಳೆದ್ರೆ ಹತ್ತು ದಿನಕ್ಕೆ ಒಂದು ದಿನದ ಕೂಲಿ ಹೋದಂಗೆ. ಬಿತ್ತನೆಗೆ, ಬಡ ತಿಂಗಳಿಗೆ ಸಾಲದ ರಾಗಿ ಕೊಡೋವಾಗ ಒಂದು ಸೇರು, ಕಣದಲ್ಲಿ ವಾಪಸ್ ಇಸ್ಕೊಳೋವಾಗ ಇನ್ನೊಂದು ಸೇರು ತರೋ ಮನೆಗಳೂ ಇದ್ವು. ಕೊಡೋ ಸೇರೇ ಬೇರೆ, ತಗೊಳೋ ಸೇರೇ ಬೇರೆ ಅನ್ನೋ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಳೇ ಕಾಲದ ಅಳತೆ ಎಲ್ಲಾ ಧರ್ಮದ್ದು, ಈಗಿನ ತೂಕ ಎಲ್ಲಾ ಮೋಸ ಅಂತ ಅನ್ನೋರು ಇದನ್ನ ಮರೀಬಾರ್ದು.

ಆದ್ರೆ ಹೆಂಗಸರು ಹೆಂಗಸರ ನಡುವೆ ಅದೇ ಪಾವು ನ್ಯಾಯವಾಗಿ ನಡೀತಿತ್ತು. ನೆಂಟರು ಬಂದ್ರೆ ಪಕ್ಕದ ಮನೆಯಿಂದ ಒಂದು ಪಾವು ಹಿಟ್ಟು ಇಸ್ಕೊಂಡು ಬರೋದು, ಮಿಲ್ಲಿಗೆ ಹೋಗಿ ಬಂದ ದಿನ ಅದೇ ಪಾವಲ್ಲಿ ವಾಪಸ್ ಕೊಡೋದು. ಪಾವು ಸಣ್ಣದೋ ದೊಡ್ಡದೋ ಯಾರಿಗೆ ಬೇಕು? ತಂದದ್ದೂ ಅದರಲ್ಲೇ, ಕೊಟ್ಟದ್ದೂ ಅದರಲ್ಲೇ. ಕೊಡೋವಾಗ ಒಸಿ ಗೋಪುರ ಕಟ್ಟಿ ಕೊಟ್ರೆ ಮರ್ಯಾದೆ. ಅಡುಗೇಲೂ ಹಂಗೇ. ಅಕ್ಕಿ ಅಳೆದ ಪಾವಲ್ಲೇ ನೀರೂ ಅಳೆದ್ರೆ ಪಾವು ಎಷ್ಟಾದ್ರೂ ಇರ್ಲಿ, ಅನ್ನ ಹದವಾಗೇ ಆಗುತ್ತೆ. ಒಂದೇ ಪಾತ್ರೇಲಿ ಎಲ್ಲಾ ಅಳೆಯೋ ತನಕ ತೂಕದ ಗೊಡವೆ ಇಲ್ಲ. ತೊಂದರೆ ಬರೋದು ಒಂದನ್ನ ಅಳೆದು ಇನ್ನೊಂದನ್ನ ತೂಗೋವಾಗ.

ತೂಕ ನಮ್ಮ ಸೀಮೆಗೆ ಜೋರಾಗಿ ಬಂದದ್ದು ಕಬ್ಬಿನ ಜೊತೆ. 1847ರಲ್ಲೇ ಪಟ್ಣದ ಹತ್ರ ಪಾಲಹಳ್ಳೀಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿ, ರೈತರ ಬೆಲ್ಲ ಕೊಂಡು ಸಕ್ಕರೆ ಮಾಡ್ತಿತ್ತು. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ, ನಾಲೆ ನೀರು ಬಂದ ಮೇಲೆ ರಾಗಿ ಹೊಲ ಎಷ್ಟೋ ಗದ್ದೆ ಆಯ್ತು, ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಅಲ್ಲಿಂದ ಗಂಡಸರ ಬಾಯಲ್ಲಿ ಟನ್ನು, ಮಣ ಅನ್ನೋ ಮಾತು. ಒಳಗೆ ಹಟ್ಟೀಲಿ ಮಾತ್ರ ವಾಡೆ ಮುಂದೆ ಸೇರು, ಒಲೆ ಮುಂದೆ ಪಾವು. ಒಂದೇ ಮನೇಲಿ ಜಗುಲಿ ಮೇಲೆ ತೂಕ, ಒಳಗೆ ಅಳತೆ.

ಆಮೇಲೆ ಬಂದದ್ದು ಕೆಜಿ. 1956ರಲ್ಲಿ ದೇಶಕ್ಕೆಲ್ಲ ತೂಕ ಅಳತೆಯ ಕಾಯಿದೆ ಆಯ್ತು. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾಪೈಸೆ ಬಂತು. 1958ರ ಅಕ್ಟೋಬರಿಂದ ಮೆಟ್ರಿಕ್ ತೂಕ ಶುರುವಾಗಿ, 1962ರ ಏಪ್ರಿಲ್ 1ರಿಂದ ಅಂಗಡೀಲಿ ಕೆಜಿ ತೂಕ ಬಿಟ್ಟು ಬೇರೆ ತೂಕ ನಡೆಯಂಗಿಲ್ಲ ಅಂತಾಯ್ತು. ಊರಿಗೊಂದು ಸೇರು ಅನ್ನೋದು ಹೋಯ್ತು. ಪೇಟೆ ವ್ಯಾಪಾರಕ್ಕೆ ಇದು ದೊಡ್ಡ ಉಪಕಾರ. ಆದ್ರೆ ಸರಕಾರದ ಕೋಷ್ಟಕದಲ್ಲಿ ಇದ್ದದ್ದು 80 ತೊಲದ ಸೇರು, 933 ಗ್ರಾಂ. ಇವತ್ತಿಗೂ ಎಲ್ಲಿ ನೋಡಿದ್ರೂ "ಒಂದು ಸೇರು ಅಂದ್ರೆ 933 ಗ್ರಾಂ" ಅಂತಲೇ ಸಿಗೋದು. ಅದು ನಮ್ಮ 84ರ ಅಳತೆ ಸೇರೂ ಅಲ್ಲ, 24ರ ತೂಕದ ಸೇರೂ ಅಲ್ಲ. ನಮ್ಮ ಅಜ್ಜೀರ ಅಡುಗೆ ಲೆಕ್ಕಕ್ಕೆ ಅದನ್ನ ತಂದು ಹಾಕಿದ್ರೆ ಅಕ್ಕಿ ಹೆಂಗೋ ಹೊಂದುತ್ತೆ, ಬೆಲ್ಲ ಕೆಡುತ್ತೆ.

ಕೆಜಿ ಬಂದ್ರೂ ಅಡುಗೆಮನೇಲಿ ಪಾವು ಹೋಗ್ಲಿಲ್ಲ. ನ್ಯಾಯಬೆಲೆ ಅಂಗಡೀಲಿ ಅಕ್ಕಿ ಕೆಜಿ ಲೆಕ್ಕದಲ್ಲಿ ತಂದು, ಮನೇಲಿ ಪಾವಲ್ಲಿ ಅಳೆದು ಇಕ್ಕೋರೇ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ. ಆದ್ರೆ ಪಾವಿನ ಜಾಗಕ್ಕೆ ಈಗ ಸ್ಟೀಲ್ ಲೋಟ, ಪ್ಲಾಸ್ಟಿಕ್ ಕಪ್ಪು ಬಂದು ಕೂತಿವೆ. ಯಾವುದರ ಹೊಟ್ಟೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಕಾಲು ಲೀಟರ್ ಹಿಡಿಯೋ ಲೋಟ ಒಂದನ್ನ ತಗೊಂಡು ಮಟ್ಟಸವಾಗಿ ತುಂಬಿದ್ರೆ ಸುಮಾರು ಲೆಕ್ಕ ಹಿಂಗೆ ಬರುತ್ತೆ. ನೀರು 250 ಗ್ರಾಂ. ಅಕ್ಕಿ, ತೊಗರಿಬೇಳೆ, ಸಕ್ಕರೆ 200ರಿಂದ 210. ರವೆ 170. ರಾಗಿ ಹಿಟ್ಟು, ಗೋಧಿ ಹಿಟ್ಟು 130ರಿಂದ 140. ಎಣ್ಣೆ 230, ತುಪ್ಪ 225. ಪುಡಿ ಉಪ್ಪು 300ರ ಹತ್ರ. ಜೇನುತುಪ್ಪ 350. ಒಂದೇ ಲೋಟ, ಹಿಟ್ಟು ಹಾಕಿದ್ರೆ ಒಂದು, ಉಪ್ಪು ಹಾಕಿದ್ರೆ ಅದರ ಎರಡರಷ್ಟು.

ಇದರಲ್ಲಿ ಎರಡು ಕಡೆ ನಿಗಾ ಇರ್ಬೇಕು. ಒಂದು ಉಪ್ಪು. ಹಳೇ ಉಪ್ಪಿನಕಾಯಿ ಲೆಕ್ಕ ಎಲ್ಲ ಹರಳುಪ್ಪಿಂದು. ಹರಳಿನ ಸಂದೀಲಿ ಗಾಳಿ ಇರುತ್ತೆ, ಅದಕ್ಕೆ ಒಂದು ಪಾವು ಹರಳುಪ್ಪಿಗಿಂತ ಒಂದು ಪಾವು ಪುಡಿ ಉಪ್ಪು ತೂಕ ಜಾಸ್ತಿ. ಅಳತೆ ಅದೇ ಇಟ್ಟು ಪುಡಿ ಉಪ್ಪು ಸುರಿದ್ರೆ ಕಾಯಿ ಕಟುವಾಗುತ್ತೆ. ಹೆದರ್ಕೊಂಡು ಕಮ್ಮಿ ಮಾಡಿದ್ರೆ ಬೂಷ್ಟು ಹಿಡಿಯುತ್ತೆ. ಹರಳುಪ್ಪೇ ತಗೊಳಿ, ಇಲ್ಲ ಹರಳುಪ್ಪು ಅಳೆದು ತೂಗಿ, ಅದೇ ತೂಕದ ಪುಡಿ ಉಪ್ಪು ಹಾಕಿ.

ಇನ್ನೊಂದು ಹಿಟ್ಟು. ರಾಗಿ ಮಿಲ್ಲಿಗೆ ಹಾಕಿಸಿದ್ರೆ ತೂಕ ಒಂದು ಚೂರು ಕಮ್ಮಿ ಆಗುತ್ತೆ, ಅಳತೆ ಮಾತ್ರ ಹೆಚ್ಚಾಗುತ್ತೆ. ಹಿಟ್ಟು ಅರಳ್ಕೊಳುತ್ತಲ್ಲ. ಹಂಗಾಗಿ "ಒಂದು ಸೇರು ರಾಗಿ"ಗೆ ಹೇಳಿದ ಲೆಕ್ಕ "ಒಂದು ಸೇರು ರಾಗಿ ಹಿಟ್ಟಿ"ಗೆ ನಡೆಯಲ್ಲ. ಕಜ್ಜಾಯ, ಚಕ್ಕುಲಿಗೂ ಅಷ್ಟೇ, ಅಕ್ಕಿ ಅಳೆದು ಬೀಸಿದ್ದೋ, ಹಿಟ್ಟು ಅಳೆದದ್ದೋ ಅಂತ ಮೊದಲು ಕೇಳಬೇಕು.

ಈಗ ಮನೇಲಿರೋ ಹಳೇ ಲೆಕ್ಕಗಳನ್ನ ಏನು ಮಾಡೋದು? ಮೊದಲು ಅಜ್ಜಿ ಪಾವು ಇದ್ರೆ ಅಟ್ಟದಿಂದ ಇಳಿಸಿ, ತೊಳೆದು ನೀರು ತುಂಬಿ. ಎಷ್ಟು ಮಿಲಿ ಹಿಡಿಯುತ್ತೆ ಅಂತ ಗುರುತು ಮಾಡ್ಕೊಳಿ. ಒರೆಸಿ ಒಣಗಿಸಿ, ಅಕ್ಕಿ ಒಂದು ಸಲ ಗೋಪುರ ಕಟ್ಟಿ, ಒಂದು ಸಲ ಸವರಿ, ಎರಡನ್ನೂ ತೂಗಿ. ಮನೇಲಿ ತಕ್ಕಡಿ ಇಲ್ದಿದ್ರೆ ಬೀದಿ ಕೊನೆ ಅಂಗಡಿಯೋರು ತೂಗಿ ಕೊಡ್ತಾರೆ. ಆಮೇಲೆ ಪುಸ್ತಕ ತೆಗೆದು, 1962ಕ್ಕಿಂತ ಮುಂಚೆ ಅಡುಗೆ ಕಲ್ತೋರ ಲೆಕ್ಕ ಆಗಿದ್ರೆ, ಸುರಿಯೋ ಸಾಮಾನಿಗೆ ಅಳತೆ ಸೇರು, ಸುರಿಯಕ್ಕಾಗದ್ದಕ್ಕೆ ತೂಕದ ಸೇರು ಅಂತ ಹಿಡಿದು ನೋಡಿ. ಆಮೇಲೆ ಬರೆದದ್ದಾದ್ರೆ ಸೇರು ಅಂತ ಬರೆದಿದ್ರೂ ಕೆಜಿಯೇ ಇರಬೋದು, ಯಾಕಂದ್ರೆ ಕೆಜಿ ಬಂದ ಮೇಲೂ ಎಷ್ಟೋ ಜನ ಅದನ್ನ ಬಾಯಲ್ಲಿ ಸೇರು ಅಂತಲೇ ಕರೆದ್ರು. ಎರಡು ಲೆಕ್ಕದಲ್ಲಿ ಯಾವುದು ಅಂತ ಬೆಲ್ಲವೇ ಹೇಳುತ್ತೆ. ಒಂದು ಲೆಕ್ಕದಲ್ಲಿ ಕಜ್ಜಾಯ ಆಗುತ್ತೆ, ಇನ್ನೊಂದರಲ್ಲಿ ಪಾಕ.

ಗ್ರಾಂ ಲೆಕ್ಕ ಸಿಕ್ಕ ಮೇಲೆ ಹಳೇ ಮಾತನ್ನ ಅಳಿಸಬೇಡಿ, ಪಕ್ಕದಲ್ಲಿ ಬರೀರಿ. "ಬೆಲ್ಲ ಎರಡೂವರೆ ಸೇರು, ತೂಕದ್ದು, 700 ಗ್ರಾಂ" ಅಂತ ಇದ್ರೆ ನಿಮ್ಮ ಸೊಸೇಗೂ ಅರ್ಥ ಆಗುತ್ತೆ, ಮೊಮ್ಮಗಳಿಗೂ ಅರ್ಥ ಆಗುತ್ತೆ. ಎರಡು ಸೇರನ್ನೂ ಕೈಯಾರೆ ಬಳಸಿದ ಹೆಂಗಸರಿಗೆ ಈಗ ಎಂಬತ್ತು ದಾಟಿದೆ. ನಿಮ್ಮ ಮನೇಲಿ, ಬೀದೀಲಿ ಅಂಥೋರು ಯಾರಾದ್ರೂ ಇದ್ರೆ ಈ ಗೌರಿ ಹಬ್ಬದೊಳಗೆ ಹೋಗಿ ಕೂತ್ಕೊಂಡು, "ಅಜ್ಜಿ, ನೀವು ಬೆಲ್ಲ ಯಾವ ಸೇರಲ್ಲಿ ತರ್ತಿದ್ರಿ?" ಅಂತ ಕೇಳಿ ಬರ್ಕೊಳಿ.